ಸ್ಕೂಬಾನಾ, ಸ್ನಾರ್ಕ್ಲಿಂಗಾ? ಮೊದಲು ಏನು ನೋಡಬೇಕು ಅಂತ ಹೇಳಿ

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಪ್ರತಿ ಸಲ ಒಂದೇ ಮಾತು ಕಿವಿಗೆ ಬೀಳುತ್ತದೆ. ‘ಇಷ್ಟು ದೂರ ಬಂದಿದ್ದೀವಿ, ಮಾಡಿದ್ರೆ ಸ್ಕೂಬಾನೇ ಮಾಡೋಣ, ಸ್ನಾರ್ಕ್ಲಿಂಗ್ ಎಲ್ಲ ಮಕ್ಕಳಾಟ.’ ವಾಪಸ್ ಬರುವಾಗ ಅದೇ ಜನರನ್ನು ಏನೇನು ನೋಡಿದ್ರಿ ಅಂತ ಕೇಳಿ. ‘ಸೂಪರ್ ಸರ್, ತುಂಬಾ ಮೀನಿತ್ತು’ ಅಂತಾರೆ. ಯಾವ ಮೀನು? ‘ಹಳದಿ ಬಣ್ಣದ್ದು.’ ಅಲ್ಲಿಗೆ ಮಾತು ಮುಗೀತು, ಫೋನ್ ತೆಗೆದು ವಿಡಿಯೋ ತೋರಿಸಲು ಶುರು ಮಾಡುತ್ತಾರೆ.

ನಾನೂ ಹಾಗೇ ಶುರು ಮಾಡಿದವನು. ಮೊದಲ ಸಲ ನೀರಿನ ಕೆಳಗೆ ಇಪ್ಪತ್ತು ನಿಮಿಷ ಇದ್ದೆ. ನೆನಪಿರುವುದು ನನ್ನದೇ ಉಸಿರಿನ ಗೊರಗೊರ ಸದ್ದು, ಎಡಗಿವಿಯ ನೋವು, ಕಣ್ಣ ಮುಂದೆ ಆಡುತ್ತಿದ್ದ ಟ್ರೈನರ್ ಕೈ. ಮೀನು ಬೇಕಾದಷ್ಟಿದ್ದವು. ಅವನ್ನು ನೋಡಲು ತಲೆಯಲ್ಲಿ ಜಾಗ ಇರಲಿಲ್ಲ ಅಷ್ಟೆ. ಎರಡು ವರ್ಷ ಕಳೆದು ಅಂಡಮಾನಿನಲ್ಲಿ ಬರೀ ಮಾಸ್ಕ್ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಒಂದು ಗಂಟೆ ಮಕಾಡೆ ತೇಲಿದೆ. ಅವತ್ತು ನೋಡಿದ್ದನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ.

ಹಾಗಂತ ಸ್ಕೂಬಾ ಬೇಡ ಅಂತ ಹೇಳುತ್ತಿಲ್ಲ. ಆಮೇಲೆ ಕೋರ್ಸ್ ಮಾಡಿದೆ, ಈಗ ಬಿಡಲು ಆಗುತ್ತಿಲ್ಲ. ಯಾವುದರಲ್ಲಿ ಜಾಸ್ತಿ ಧೈರ್ಯ ಬೇಕು ಅಂತ ನೋಡಿ ಆರಿಸಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ. ನೀವು ನೋಡಬೇಕು ಅಂದುಕೊಂಡ ಪ್ರಾಣಿ ಎಷ್ಟು ಆಳದಲ್ಲಿ ಇರುತ್ತದೆ? ಹೋಗುತ್ತಿರುವ ಕಡೆ ಸಮುದ್ರದ ತಳ ಎಷ್ಟು ಕೆಳಗಿದೆ, ನೀರು ಎಷ್ಟು ತಿಳಿಯಾಗಿದೆ? ಇಷ್ಟು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಹೊಸಬರಿಗೆ ಎರಡು ಮಾತು. ಸ್ನಾರ್ಕ್ಲಿಂಗ್ ಅಂದರೆ ಮಾಸ್ಕ್ ಹಾಕಿ, ಬಾಗಿದ ಒಂದು ಕೊಳವೆ ಬಾಯಲ್ಲಿ ಕಚ್ಚಿಕೊಂಡು, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ಸ್ಕೂಬಾ ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕೆಳಗೇ ಇಳಿಯುವುದು. ಅದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ, ಆದರೆ ಅದರಲ್ಲಿರುವುದು ನಾವು ದಿನಾ ಉಸಿರಾಡುವ ಇದೇ ಗಾಳಿ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ತುಂಬಿದ್ದರೆ ಆರು ಮೀಟರ್ ದಾಟಿದ ಮೇಲೆ ಅದೇ ವಿಷವಾಗುತ್ತಿತ್ತು.

ಆಮೆ ಬೇಕಾ, ಆಕ್ಟೋಪಸ್ ಬೇಕಾ

ಕಡಲಾಮೆ ನೋಡುವ ಆಸೆ ಇದ್ದರೆ ಸ್ನಾರ್ಕ್ಲಿಂಗ್ ಸಾಕು. ಹಸಿರು ಕಡಲಾಮೆ ತಿನ್ನುವುದು ಮುಖ್ಯವಾಗಿ ಸಮುದ್ರದ ಹುಲ್ಲು. ಹುಲ್ಲು ಬೆಳೆಯಲು ಬಿಸಿಲು ಬೇಕು, ಬಿಸಿಲು ಇರುವುದು ಕಡಿಮೆ ಆಳದಲ್ಲಿ. ಜೊತೆಗೆ ಆಮೆ ಗಾಳಿ ಉಸಿರಾಡುವ ಪ್ರಾಣಿ, ಆಗಾಗ ಮೇಲೆ ಬರಲೇಬೇಕು. ನೀವು ಮೇಲೆ ಸುಮ್ನೆ ತೇಲುತ್ತಿದ್ದರೆ ಅದೇ ನಿಮ್ಮ ಪಕ್ಕದಲ್ಲಿ ತಲೆ ಎತ್ತಿ ಉಸಿರೆಳೆದು ಹೋಗುತ್ತದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಲಗೂನಿನ (ಹವಳದ ಗೋಡೆಯೊಳಗೆ ನಿಂತ ನೀರು) ಹುಲ್ಲನ್ನು ಈ ಆಮೆಗಳು ಮೇದೂ ಮೇದೂ ನೆಲ ಕಾಣುವಷ್ಟು ಬೋಳು ಮಾಡಿದ್ದುಂಟು. ಅಲ್ಲಿನ ಮೀನುಗಾರರಿಗೆ ಅದೊಂದು ದೊಡ್ಡ ತಕರಾರಾಗಿತ್ತು.

ದೊಡ್ಡ ಪ್ರಾಣಿ ಅಂದರೆ ಆಳದಲ್ಲೇ ಇರಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ತಪ್ಪು. ಮೀನುಗಳಲ್ಲೇ ದೊಡ್ಡದಾದ ತಿಮಿಂಗಿಲ ಶಾರ್ಕ್ ಮತ್ತು ರೆಕ್ಕೆ ಬಿಚ್ಚಿ ಹಾರುವ ಹಾಗೆ ಈಜುವ ಮಂಟಾ ರೇ, ಎರಡೂ ತಿನ್ನುವುದು ನೀರಿನಲ್ಲಿ ತೇಲುವ ಚೂರುಪಾರು ಜೀವಿಗಳನ್ನು. ಆ ಊಟ ಎಷ್ಟೋ ಸಲ ಮೇಲ್ಮಟ್ಟದಲ್ಲೇ ಸಿಗುತ್ತದೆ. ಮಾಲ್ಡೀವ್ಸ್‌ನ ಬಾ ಅಟಾಲ್ ಅನ್ನುವ ಹವಳದ್ವೀಪಗಳ ಗುಂಪಿನಲ್ಲಿ ಹನಿಫಾರು ಅನ್ನುವ ಒಂದು ಪುಟ್ಟ ಕೊಲ್ಲಿ ಇದೆ. ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಮಂಟಾಗಳು ಗುಂಪುಗುಂಪಾಗಿ ಬಂದು ಬಾಯಿ ತೆರೆದು ಸುತ್ತು ಹೊಡೆಯುತ್ತವೆ. ಪ್ರಪಂಚದಲ್ಲೇ ಹೆಸರಾದ ಜಾಗ, ಆದರೆ ಅಲ್ಲಿ ಸಿಲಿಂಡರ್ ಹಾಕಿಕೊಂಡು ಇಳಿಯುವ ಹಾಗೇ ಇಲ್ಲ, ಬರೀ ಸ್ನಾರ್ಕ್ಲಿಂಗ್. ಸಾವಿರ ಡೈವ್ ಮಾಡಿದವರೂ ಅಲ್ಲಿ ಕೊಳವೆ ಕಚ್ಚಿಕೊಂಡು ಮೇಲೆಯೇ ತೇಲಬೇಕು. ‘ಮಕ್ಕಳಾಟ’ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಜಾಗದ ಸುದ್ದಿ.

ಹವಳದ ಮೇಲೆ ಓಡಾಡುವ ಬಣ್ಣದ ಮೀನುಗಳೂ ಬಹುಪಾಲು ಮೇಲಿನ ಐದಾರು ಮೀಟರ್‌ನಲ್ಲೇ ಸಿಗುತ್ತವೆ. ಚಿಟ್ಟೆಮೀನು, ಗಿಳಿಮೀನು, ಅಂಡಮಾನ್ ಕಡೆ ಹೂವಿನಂಥ ಅನಿಮೊನಿಯೊಳಗೆ ಅವಿತು ಇಣುಕುವ ಕ್ಲೌನ್ ಫಿಶ್, ಎಲ್ಲ. ಗಿಳಿಮೀನನ್ನು ಒಂದು ಹತ್ತು ನಿಮಿಷ ಹಿಂಬಾಲಿಸಿ ನೋಡಿ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆಯುತ್ತದೆ, ಆ ಕಟಕಟ ಸದ್ದು ನಿಮಗೆ ನೇರವಾಗಿ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಬಾಲದ ಹಿಂದೆ ಬಿಳಿ ಪುಡಿಯ ಒಂದು ಮೋಡ. ಅದು ಮರಳು. ಲಕ್ಷದ್ವೀಪ, ಮಾಲ್ಡೀವ್ಸ್‌ನ ಬೆಳ್ಳಗಿನ ಬೀಚಿನ ಫೋಟೋ ಹಾಕುತ್ತೀರಲ್ಲ, ಅದರಲ್ಲಿ ದೊಡ್ಡ ಪಾಲು ಹೀಗೆ ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು. ಸ್ಕೂಬಾದಲ್ಲಿ ಈ ಸದ್ದು ಕೇಳಬೇಕಾದರೆ ನಿಮ್ಮ ಗುಳ್ಳೆಗಳ ಗದ್ದಲದ ನಡುವೆ ಕಿವಿ ಕೊಡಬೇಕು.

ಇನ್ನು ಸ್ಕೂಬಾ ಬೇಕೇ ಬೇಕು ಅನ್ನುವ ಪ್ರಾಣಿಗಳು. ಆಕ್ಟೋಪಸ್. ಬಂಡೆಯ ಬಿರುಕಿನಿಂದ ಬಾಯಿ ತೆರೆದು ಮುಚ್ಚಿ ಮಾಡುವ ಮೋರೆ ಈಲ್. ಅದು ಸಿಟ್ಟಿನಿಂದ ಹಾಗೆ ಮಾಡುತ್ತಿಲ್ಲ, ಉಸಿರಾಡುತ್ತಿದೆ ಅಷ್ಟೆ. ಮರಳಲ್ಲಿ ಹೂತುಕೊಂಡು ಎರಡು ಕಣ್ಣು ಮಾತ್ರ ಹೊರಗಿಟ್ಟ ತೊರಕೆ, ಅಂದರೆ ಸ್ಟಿಂಗ್ ರೇ. ಕಲ್ಲಿನ ಕೆಳಗೆ ತಲೆಕೆಳಗಾಗಿ ನಿಂತ ಲಯನ್ ಫಿಶ್. ಕಿರುಬೆರಳಿನ ಉಗುರಿನಷ್ಟು ಚಿಕ್ಕದಾಗಿದ್ದು ಸೀರೆ ಅಂಚಿನ ಹಾಗೆ ಬಣ್ಣ ಇರುವ ನುಡಿಬ್ರಾಂಕ್ ಅನ್ನುವ ಸಮುದ್ರದ ಬಸವನಹುಳು. ಇವೆಲ್ಲ ಬಂಡೆಯ ಅಡಿಯಲ್ಲಿ, ಬಿರುಕಿನಲ್ಲಿ, ನೆರಳಿನಲ್ಲಿ ಇರುವ ಜೀವಗಳು. ಮೇಲಿನಿಂದ ನೋಡುವವರಿಗೆ ಮನೆಯ ಹೆಂಚು ಕಾಣುತ್ತದೆ, ಒಳಗಿರುವವರು ಕಾಣುವುದಿಲ್ಲ. ಪಕ್ಕದಲ್ಲೇ ನಿಂತು ಬಗ್ಗಿ ನೋಡಬೇಕು. ನಾನು ಊರಲ್ಲಿ ತಟ್ಟೆಯಲ್ಲಿ ತುಂಡಾಗಿ ಮಾತ್ರ ನೋಡಿದ್ದ ಮುರು ಮೀನನ್ನು ಇಡಿಯಾಗಿ, ಜೀವಂತವಾಗಿ, ನನ್ನ ತೊಡೆಯಷ್ಟು ದಪ್ಪದ್ದನ್ನು ಮೊದಲು ನೋಡಿದ್ದು ಹದಿನಾಲ್ಕು ಮೀಟರ್ ಕೆಳಗೆ. ಬಾಯಿ ತೆರೆದು ನಿಂತಿತ್ತು, ನೀಲಿ ಪಟ್ಟಿಯ ಬೆರಳುದ್ದದ ಒಂದು ಮೀನು ಅದರ ಕಿವಿರಿನೊಳಗೆ ಹೊಕ್ಕು ಕೊಳೆ, ಪರಾವಲಂಬಿ ಎಲ್ಲ ಕಿತ್ತು ತಿನ್ನುತ್ತಿತ್ತು. ಭಾನುವಾರದ ಕಟಿಂಗ್ ಶಾಪ್ ನೋಡಿದ ಹಾಗಾಯಿತು, ಹಿಂದೆ ಇನ್ನೆರಡು ಮೀನು ಸರದಿಗೆ ಕಾಯುತ್ತಿದ್ದವು.

ಬಣ್ಣದ ವಿಷಯ ಒಂದು ಗೊತ್ತಿರಲಿ. ನೀರು ಮೊದಲು ನುಂಗುವುದು ಕೆಂಪನ್ನು. ಐದು ಮೀಟರ್ ಹೊತ್ತಿಗೆ ಕೆಂಪು ಮಂಕಾಗುತ್ತದೆ, ಇನ್ನೂ ಕೆಳಗೆ ಹೋದರೆ ಕಿತ್ತಳೆಯೂ ಹೋಗಿ ಎಲ್ಲ ನೀಲಿ, ಬೂದು. ಆಳ ಇಳಿದಷ್ಟೂ ಬಣ್ಣ ಜಾಸ್ತಿ ಅಂತ ವಿಡಿಯೋ ನೋಡಿ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಲೈಟ್ ಹಾಕಿ ತೆಗೆದದ್ದು. ಟಾರ್ಚ್ ಇಲ್ಲದ ಕಣ್ಣಿಗೆ ಮೇಲಿನ ಮೂರು ಮೀಟರ್‌ನಲ್ಲೇ ಬಣ್ಣ ಚೆನ್ನ.

ಜಾಗ ನೋಡಿ ತೀರ್ಮಾನ ಮಾಡಿ

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದು ಒಂದೂವರೆ ಗಂಟೆ. ಮಳೆಗಾಲದಲ್ಲಿ ಬಂದ್, ಅಕ್ಟೋಬರ್‌ನಿಂದ ಮೇ ತನಕ ಸೀಸನ್, ನನ್ನ ಅನುಭವದಲ್ಲಿ ಡಿಸೆಂಬರ್ ಜನವರಿ ನೀರು ಚೆನ್ನಾಗಿ ತಿಳಿಯಾಗಿರುತ್ತದೆ. ದ್ವೀಪದ ಮೇಲೆ ಕಾಲಿಡಲು ಬಿಡುವುದಿಲ್ಲ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಅಲ್ಲಿ ಮೆಲ್ಲಗೆ ಆಳವಾಗುವ ಬೀಚ್ ಇಲ್ಲ, ಲಗೂನ್ ಇಲ್ಲ. ಬಂಡೆ ನೇರ ನೀರಿಗೆ ಇಳಿದಿದೆ. ದೋಣಿಯಿಂದ ಹಾರಿದರೆ ಕಾಲ ಕೆಳಗೆ ಆಗಲೇ ಏಳೆಂಟು ಮೀಟರ್. ಮೇಲೆ ತೇಲುವವರಿಗೆ ತಿಳಿ ಇದ್ದ ದಿನ ಬಂಡೆಯ ತುದಿ, ಅದರ ಸುತ್ತ ಮೀನಿನ ಗುಂಪು ಕಾಣುತ್ತದೆ. ನೀರು ಕಲಕಿದ ದಿನ ಬರೀ ಹಸಿರು. ಹಾಗಾಗಿ ನೇತ್ರಾಣಿಯಲ್ಲಿ ನನ್ನ ವೋಟು ಸ್ಕೂಬಾಗೆ. ಸ್ನಾರ್ಕ್ಲಿಂಗ್ ಅನ್ನು ಇಲ್ಲಿ ಡೈವ್ ಸರದಿ ಬರುವ ತನಕ ನೀರಿಗೆ ಮೈ ಒಗ್ಗಿಸಿಕೊಳ್ಳಲು ಬಳಸಿ. ಸಾಮಾನ್ಯವಾಗಿ ಎರಡೂ ಒಂದೇ ಪ್ಯಾಕೇಜಿನಲ್ಲಿ ಇರುತ್ತದೆ, ಕೇಳಿ ಖಚಿತ ಮಾಡಿಕೊಳ್ಳಿ.

ಲಕ್ಷದ್ವೀಪ ಇದಕ್ಕೆ ಉಲ್ಟಾ. ಹವಳದ ಗೋಡೆಯೊಳಗೆ ಕೆರೆಯ ಹಾಗೆ ನಿಂತ ನೀರು, ಸೊಂಟದಿಂದ ಎರಡಾಳು ಆಳ. ಅಲ್ಲಿ ಮೊದಲ ದಿನ ಸ್ಕೂಬಾಗೆ ದುಡ್ಡು ಹಾಕಬೇಡಿ, ಮಾಸ್ಕ್ ಹಾಕಿಕೊಂಡು ಬೀಚಿನಿಂದಲೇ ನಡೆದು ಇಳಿಯಿರಿ. ದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು, ಅದನ್ನು ಮುಂಚೆಯೇ ನೋಡಿಕೊಳ್ಳಿ.

ಅಂಡಮಾನಿನಲ್ಲಿ ಎರಡೂ ಸಿಗುತ್ತದೆ. ಹ್ಯಾವ್ಲಾಕ್, ಅಂದರೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರು ಬದಲಾದದ್ದು, ಅಲ್ಲಿನ ಎಲಿಫೆಂಟ್ ಬೀಚ್, ನೀಲ್ ಅಂದರೆ ಶಹೀದ್ ದ್ವೀಪದ ಭರತ್‌ಪುರ್ ಬೀಚ್, ಇವು ಸ್ನಾರ್ಕ್ಲಿಂಗಿಗೆ. ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್ ತರಹದ ಹೆಸರುವಾಸಿ ಜಾಗಗಳಿಗೆ ಮೊದಲ ಸಲದವರನ್ನು ಕರೆದುಕೊಂಡು ಹೋಗುವುದಿಲ್ಲ, ಸರ್ಟಿಫಿಕೇಟ್ ಇರಬೇಕು. ಒಂದು ಎಚ್ಚರಿಕೆ. ಅಂಡಮಾನಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರದ ನೀರಿನಲ್ಲಿ ಉಪ್ಪುನೀರಿನ ಮೊಸಳೆ ಇದೆ. 2010ರಲ್ಲಿ ಹ್ಯಾವ್ಲಾಕಿನಲ್ಲಿ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರನ್ನು ಮೊಸಳೆ ಕೊಂದಿದೆ. ಬೋರ್ಡ್ ಹಾಕಿದ ಕಡೆ ಇಳಿಯಬೇಡಿ, ನಿಮ್ಮಷ್ಟಕ್ಕೆ ಖಾಲಿ ಬೀಚ್ ಹುಡುಕಿಕೊಂಡು ಹೋಗಬೇಡಿ.

ಹವಳ ಎಲ್ಲ ಕಡೆ ವಿಡಿಯೋದಲ್ಲಿ ಇದ್ದ ಹಾಗೇ ಇರುತ್ತದೆ ಅಂತಲೂ ಹೋಗಬೇಡಿ. 1998, 2010, 2016, 2024ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಸುಮಾರಷ್ಟು ಸತ್ತಿದೆ, ಅಂಡಮಾನಿಗೂ ಹೊಡೆತ ಬಿದ್ದಿದೆ. ಸತ್ತ ಹವಳದ ಮೇಲೂ ಮೀನಿರುತ್ತವೆ, ಆದರೆ ಹೂದೋಟ ಇರುವುದಿಲ್ಲ.

ಈಜು ಬರಲ್ಲ, ಕನ್ನಡಕ ಇದೆ, ಮೀಸೆ ಇದೆ

ಈಜು ಬರದವರು ಸ್ನಾರ್ಕ್ಲಿಂಗೇ ಸುಲಭ ಅಂತ ಆರಿಸುತ್ತಾರೆ. ಎಷ್ಟೋ ಸಲ ನಾನು ಇದಕ್ಕೆ ವಿರುದ್ಧ ನೋಡಿದ್ದೇನೆ. ಮೇಲೆ ತೇಲುವಾಗ ಅಲೆ ಹೊಡೆಯುತ್ತದೆ, ಕೊಳವೆಗೆ ಉಪ್ಪುನೀರು ನುಗ್ಗುತ್ತದೆ, ಒಂದು ಗುಟುಕು ಕುಡಿದರೆ ಸಾಕು, ಗಾಬರಿ ಶುರು. ಸ್ಕೂಬಾದಲ್ಲಿ ಮೊದಲ ಸಲದವರಿಗೆ ಟ್ರೈನರ್ ಒಬ್ಬರು ಹಿಂದಿನಿಂದ ಹಿಡಿದುಕೊಂಡೇ ಇರುತ್ತಾರೆ, ಕೆಳಗೆ ಅಲೆ ಇರುವುದಿಲ್ಲ, ಈಜುವ ಅಗತ್ಯವೂ ಇಲ್ಲ. ನೀರಿನ ಹೆದರಿಕೆ ಜಾಸ್ತಿ ಇರುವವರು ಸಮುದ್ರಕ್ಕೆ ಬರುವ ಮೊದಲು ಊರಿನ ಈಜುಕೊಳದಲ್ಲಿ ನಾಲ್ಕು ದಿನ ಮಾಸ್ಕ್ ಹಾಕಿಕೊಂಡು ತಲೆ ಮುಳುಗಿಸಿ ಅಭ್ಯಾಸ ಮಾಡಿ, ಎರಡಕ್ಕೂ ಉಪಯೋಗ. ಸರ್ಟಿಫಿಕೇಟ್ ಕೋರ್ಸಿಗೆ ಮಾತ್ರ ಈಜು ಬೇಕು. ಪ್ಯಾಡಿ (PADI) ಅನ್ನುವ ಡೈವಿಂಗ್ ತರಬೇತಿ ಸಂಸ್ಥೆಯ ಮೊದಲ ಹಂತದ ಕೋರ್ಸ್ ಓಪನ್ ವಾಟರ್ ಆದರೆ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಮಕ್ಕಳಿಗೆ ಸಮುದ್ರದ ಸ್ಕೂಬಾ ಹತ್ತು ವರ್ಷ ಆದಮೇಲೆ.

ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಆಪರೇಷನ್ ಆದವರು ಡಾಕ್ಟರ್ ಒಪ್ಪಿಗೆ ಇಲ್ಲದೆ ಸ್ಕೂಬಾ ಬೇಡ, ಗರ್ಭಿಣಿಯರು ಬೇಡವೇ ಬೇಡ. ದೋಣಿಯಲ್ಲಿ ಒಂದು ಫಾರ್ಮ್ ಕೊಡುತ್ತಾರೆ, ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಸೈನ್ ಮಾಡುವ ಚಟ ನಮ್ಮದು. ಓದಿ. ಶೀತ, ಮೂಗು ಕಟ್ಟಿದ್ದರೆ ಅವತ್ತು ಸ್ನಾರ್ಕ್ಲಿಂಗ್ ಮಾತ್ರ, ಕಿವಿಯ ಒತ್ತಡ ಸರಿಹೋಗುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಗಾಜಿನ ತಳದ ದೋಣಿ ಇದೆ, ಅವರನ್ನು ದಡದಲ್ಲಿ ಬ್ಯಾಗ್ ಕಾಯಲು ಕೂರಿಸಬೇಡಿ.

ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಫೋನ್ ಮಾಡಿ ಮೊದಲೇ ಕೇಳಿ. ನೀರಿನಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ ಸ್ವಲ್ಪ ಪವರ್ ಇರುವವರು ಹಾಗೇ ನಿಭಾಯಿಸಬಹುದು.

ಮೀಸೆಯದು ನಿಜವಾದ ಸಮಸ್ಯೆ. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಬೇಕು, ಕೂದಲು ಸಿಕ್ಕಿದರೆ ಅದರ ಸಂದಿಯಿಂದ ನೀರು ಜಿನುಗುತ್ತದೆ. ನನ್ನ ಬಾವನಿಗೆ ಮೂಗಿನ ಹೊಳ್ಳೆಗೇ ತಾಗುವಂಥ ದಪ್ಪ ಮೀಸೆ. ಎರಡು ನಿಮಿಷಕ್ಕೊಮ್ಮೆ ಮಾಸ್ಕ್ ತುಂಬುತ್ತಿತ್ತು. ಮೂಗಿನ ಕೆಳಗೆ ಒಂದೇ ಒಂದು ಗೆರೆ ಬೋಳಿಸಿ ಬಾವ ಅಂದರೆ, ‘ಮೀಸೆ ತೆಗೆಯೋದಾದ್ರೆ ನಾನು ದೋಣಿಲೇ ಕೂತ್ಕೋತೀನಿ ಮಾರಾಯ’ ಅಂದರು. ಕೊನೆಗೆ ದೋಣಿಯವರು ವ್ಯಾಸಲೀನ್ ಮೆತ್ತಿದರು, ಸ್ವಲ್ಪ ತಡೆಯಿತು. ಮಾರನೇ ದಿನ ತಾವೇ ಬಾತ್‌ರೂಮಿನಿಂದ ಆ ಗೆರೆ ತೆಗೆದುಕೊಂಡು ಬಂದಿದ್ದರು, ನಾವ್ಯಾರೂ ಏನೂ ಕೇಳಲಿಲ್ಲ.

ದೋಣಿಯಲ್ಲಿ ವಾಂತಿ ಆಗುವವರು ಬೆಳಿಗ್ಗೆ ಎರಡು ಇಡ್ಲಿಗೆ ನಿಲ್ಲಿಸಿ. ಕರಾವಳಿಗೆ ಬಂದು ಬನ್ಸ್ ಬಿಡೋದು ಕಷ್ಟ, ಗೊತ್ತು. ಅದೇ ಬಾವ ಮೂರು ಬನ್ಸ್ ತಿಂದು ಹತ್ತಿ, ಅರ್ಧ ದಾರಿಯಲ್ಲಿ ಮೀನಿಗೆ ಹಾಕಿದರು. ಮಾತ್ರೆ ನುಂಗುವುದಾದರೆ ಡಾಕ್ಟರನ್ನು ಕೇಳಿ, ಅವುಗಳಲ್ಲಿ ಕೆಲವು ನಿದ್ದೆ ಬರಿಸುತ್ತವೆ, ನಿದ್ದೆಗಣ್ಣಲ್ಲಿ ಡೈವ್ ಒಳ್ಳೆಯದಲ್ಲ.

ಸ್ನಾರ್ಕ್ಲಿಂಗ್ ಆರಿಸಿದರೆ

ಮಾಸ್ಕ್ ಸರಿಯಾಗಿದ್ದರೆ ಮುಕ್ಕಾಲು ಕೆಲಸ ಆಯಿತು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಳ್ಳಿ, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಬಿಗಿಯಾಗಿ ಎಳೆದು ಕಟ್ಟಿದರೆ ಸೋರುವುದು ನಿಲ್ಲುತ್ತದೆ ಅನ್ನುವುದು ಸುಳ್ಳು, ಹಣೆಯ ಮೇಲೆ ಕೆಂಪು ಗೆರೆ ಬೀಳುತ್ತದೆ ಅಷ್ಟೆ. ಗಾಜು ಮಂಜಾಗದ ಹಾಗೆ ಒಳಗೆ ಉಗುಳಿ, ಬೆರಳಲ್ಲಿ ಉಜ್ಜಿ, ಒಮ್ಮೆ ನೀರಲ್ಲಿ ಅದ್ದಿ ತೆಗೆಯಿರಿ. ಅಸಹ್ಯ ಅನಿಸಬಹುದು, ಎಲ್ಲರೂ ಮಾಡುವುದು ಅದನ್ನೇ. ಎರಡನೇ ಸಲ ಹೋಗುವ ಯೋಚನೆ ಇದ್ದರೆ ಒಂದು ಸ್ವಂತ ಮಾಸ್ಕ್ ಮತ್ತು ಕೊಳವೆ ಕೊಂಡುಬಿಡಿ. ಒಂದು ಬೀಚಿನಲ್ಲಿ ನನಗೆ ಬಾಡಿಗೆಗೆ ಕೊಟ್ಟದ್ದು ಅಂಚು ಹರಿದ ಮಾಸ್ಕ್, ಬಾಯಿಗಿಡುವ ಭಾಗದಲ್ಲಿ ಯಾರದೋ ಹಲ್ಲಿನ ಗುರುತು.

ಮೊದಲು ಸೊಂಟದ ನೀರಲ್ಲಿ ಮುಖ ಮುಳುಗಿಸಿ ಐದು ನಿಮಿಷ ನಿಧಾನವಾಗಿ, ಆಳವಾಗಿ ಉಸಿರಾಡಿ. ಪುಕಪುಕ ಅಂತ ಮೇಲುಮೇಲೆ ಉಸಿರಾಡಿದರೆ ಕೊಳವೆಯಲ್ಲಿದ್ದ ಹಳೇ ಗಾಳಿಯೇ ಮತ್ತೆ ಒಳಗೆ ಹೋಗಿ ಸುಸ್ತಾಗುತ್ತದೆ. ನೀರು ಬಂದರೆ ತಲೆ ಎತ್ತಬೇಡಿ, ಫೂ ಅಂತ ಜೋರಾಗಿ ಊದಿ, ಹೊರಗೆ ಹೋಗುತ್ತದೆ. ಕಾಲು ಮಂಡಿಯಿಂದ ಸೈಕಲ್ ತುಳಿಯುವ ಹಾಗೆ ಬಡಿಯಬೇಡಿ, ಸೊಂಟದಿಂದ ಮೆಲ್ಲಗೆ ಆಡಿಸಿ. ಸದ್ದು ಮಾಡಿದಷ್ಟೂ ಮೀನು ದೂರ. ಸರಿಯಾಗಿ ಮಾಡಿದರೆ ಸ್ನಾರ್ಕ್ಲಿಂಗಿಗೆ ಒಂದು ಅನುಕೂಲ ಇದೆ, ಗುಳ್ಳೆ ಇಲ್ಲ, ಗದ್ದಲ ಇಲ್ಲ. ಒಂದೇ ಜಾಗದಲ್ಲಿ ಹತ್ತು ನಿಮಿಷ ಅಲುಗಾಡದೆ ತೇಲಿ. ಮೊದಲ ಎರಡು ನಿಮಿಷ ಏನೂ ಇಲ್ಲ ಅನಿಸುತ್ತದೆ. ಆಮೇಲೆ ಬಿರುಕಿನಿಂದ ಒಂದೊಂದೇ ಆಚೆ ಬರುತ್ತವೆ.

ಬೆನ್ನು, ಮಂಡಿಯ ಹಿಂಭಾಗ ಸುಟ್ಟುಹೋಗುತ್ತದೆ. ನೀರು ತಣ್ಣಗಿರುವುದರಿಂದ ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗಿದಾಗ ಗೊತ್ತಾಗುತ್ತದೆ. ಕ್ರೀಮ್ ಬಳಿಯುವುದಕ್ಕಿಂತ ತುಂಬುತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿ. ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಕೆಟ್ಟದ್ದು ಅಂತ ಹವಾಯಿಯಲ್ಲಿ 2021ರಿಂದ ಮಾರಾಟವನ್ನೇ ನಿಲ್ಲಿಸಿದ್ದಾರೆ. ಲೈಫ್ ಜಾಕೆಟ್ ಹಾಕಿದರೆ ಮುಳುಗಿ ನೋಡಲು ಆಗುವುದಿಲ್ಲ, ಆದರೂ ಈಜು ಗಟ್ಟಿ ಇಲ್ಲದವರು ಬಿಚ್ಚಬೇಡಿ. ಈಜು ಬರುವವರು ಉಸಿರು ಕಟ್ಟಿ ಎರಡು ಮೂರು ಮೀಟರ್ ಇಳಿಯಬಹುದು. ಇಳಿಯುವ ಮೊದಲು ಜೋರುಜೋರಾಗಿ ಹತ್ತಾರು ಸಲ ಉಸಿರು ಎಳೆದು ಬಿಡುವ ಅಭ್ಯಾಸ ಬೇಡ, ಹಾಗೆ ಮಾಡಿದರೆ ಉಸಿರು ಬೇಕು ಅಂತ ದೇಹ ಹೇಳುವ ಮೊದಲೇ ಪ್ರಜ್ಞೆ ತಪ್ಪಬಹುದು. ಒಬ್ಬರು ಇಳಿದಾಗ ಇನ್ನೊಬ್ಬರು ಮೇಲೆ ನೋಡುತ್ತಿರಬೇಕು.

ಸ್ಕೂಬಾ ಆರಿಸಿದರೆ

ಸರ್ಟಿಫಿಕೇಟ್ ಇಲ್ಲದವರು ಮಾಡುವುದು ಟ್ರೈ ಡೈವ್. ಹೆಚ್ಚೆಂದರೆ 12 ಮೀಟರ್ ಅಂತ ಮಿತಿ, ನಿಜದಲ್ಲಿ ಅದರ ಅರ್ಧಕ್ಕೆ ನಿಲ್ಲಿಸುವುದೇ ಜಾಸ್ತಿ. ಓಪನ್ ವಾಟರ್ ಕೋರ್ಸ್ ಮೂರು ನಾಲ್ಕು ದಿನ, ಮುಗಿದ ಮೇಲೆ 18 ಮೀಟರ್ ತನಕ ಇಳಿಯಬಹುದು.

ಮರೆಯಬಾರದ ಮಾತು ಒಂದೇ, ಉಸಿರು ಕಟ್ಟಬೇಡಿ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ತುಂಬಿಕೊಂಡ ಗಾಳಿಯನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಸ್ನಾರ್ಕ್ಲಿಂಗ್ ಮಾಡಿ ಉಸಿರು ಕಟ್ಟಿ ಮುಳುಗುವ ರೂಢಿ ಇರುವವರೇ ಇಲ್ಲಿ ತಪ್ಪು ಮಾಡುವುದು. ಇನ್ನು ಕಿವಿ. ನೋವು ಬಂದ ಮೇಲೆ ಅಲ್ಲ, ಬರುವ ಮುಂಚೆಯೇ ಪ್ರತಿ ಮೀಟರ್‌ಗೆ ಮೂಗು ಹಿಡಿದು ಮೆಲ್ಲಗೆ ಊದಿ, ಟಪ್ ಅಂತ ತೆರೆಯುತ್ತದೆ. ತೆರೆಯದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಿ. ಸಹಿಸಿಕೊಂಡು ಇಳಿಯಬೇಡಿ.

ಕೈಸನ್ನೆ ಗಮನವಿಟ್ಟು ಕಲಿಯಿರಿ. ನನ್ನ ಮೊದಲ ಡೈವ್‌ನಲ್ಲಿ ಟ್ರೈನರ್ ಬೆರಳು ಉಂಗುರ ಮಾಡಿ, ಸರಿ ಇದ್ದೀರಾ ಅಂತ ಕೇಳಿದರು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿದೆ. ಅವರು ನನ್ನನ್ನು ಮೇಲೆ ಕರೆದುಕೊಂಡು ಹೊರಟೇಬಿಟ್ಟರು. ನೀರಿನ ಕೆಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ.

ನನ್ನ ದೊಡ್ಡ ದೂರು ವಿಡಿಯೋದ್ದು. ಇಪ್ಪತ್ತು ನಿಮಿಷದಲ್ಲಿ ಏಳೆಂಟು ನಿಮಿಷ ನಿಮ್ಮನ್ನು ಒಂದು ಬಂಡೆಯ ಮುಂದೆ ನಿಲ್ಲಿಸಿ, ಕೈ ಹೀಗೆ ಮಾಡಿ, ಹಾಗೆ ಮಾಡಿ ಅಂತ ಕ್ಯಾಮೆರಾಗೆ ಪೋಸ್ ಕೊಡಿಸುತ್ತಾರೆ. ಹಿಂದೆ ಮೋರೆ ಈಲ್ ಹಾದುಹೋಗಿದ್ದು ನನಗೆ ಗೊತ್ತಾಗಿದ್ದು ಮನೆಗೆ ಬಂದು ವಿಡಿಯೋ ನೋಡಿದಾಗ. ಇಳಿಯುವ ಮೊದಲೇ ಹೇಳಿಬಿಡಿ, ‘ಅಣ್ಣ, ಎರಡು ಫೋಟೋ ಸಾಕು, ಮಿಕ್ಕಿದ್ದು ಮೀನು ತೋರಿಸಿ.’ ಅವರಿಗೂ ಖುಷಿ, ದಿನಾ ಪೋಸ್ ತೆಗೆದು ಅವರಿಗೂ ಬೇಜಾರಾಗಿರುತ್ತದೆ. ಅವರು ತೋರಿಸಿದ ಕಡೆ ನೋಡಿದ ತಕ್ಷಣ ಏನೂ ಕಾಣದಿದ್ದರೆ ಬಿಡಬೇಡಿ, ಕಲ್ಲು ಅಂತ ಅಂದುಕೊಂಡದ್ದಕ್ಕೆ ಕಣ್ಣಿದೆಯಾ ಹುಡುಕಿ.

ಒಂದೇ ಟ್ರೈ ಡೈವ್ ಮಾಡಿ ಸ್ಕೂಬಾ ಇಷ್ಟೇನಾ ಅನ್ನಬೇಡಿ. ದುಡ್ಡು ಇದ್ದರೆ ಮಾರನೇ ದಿನ ಎರಡನೆಯದು ಮಾಡಿ, ಮೀನು ಕಾಣಲು ಶುರುವಾಗುವುದು ಆಗಲೇ. ದುಡ್ಡು ಒಂದಕ್ಕೇ ಇದ್ದರೆ, ಪ್ರಾಣಿ ನೋಡುವುದೇ ಆಸೆ ಆಗಿದ್ದರೆ, ಅದೇ ಹಣದಲ್ಲಿ ಎರಡು ಮೂರು ದಿನ ಸ್ನಾರ್ಕ್ಲಿಂಗ್ ಮಾಡಿ ಅನ್ನುವುದು ನನ್ನ ಅಭಿಪ್ರಾಯ.

ಮುಟ್ಟಬೇಡಿ, ತಿನ್ನಿಸಬೇಡಿ

ಹವಳ ಕಲ್ಲಲ್ಲ, ಜೀವ. ಅದರ ಮೇಲೆ ನಿಂತರೆ ನಿಮ್ಮ ಪಾದಕ್ಕೂ ಗಾಯ, ಅದಕ್ಕೂ ಸಾವು. ಒಂದು ಬೀಚಿನಲ್ಲಿ ಗೈಡ್ ತಾವೇ ಹವಳದ ಮೇಲೆ ನಿಂತುಕೊಂಡು ಬಿಸ್ಕತ್ತು ಪುಡಿ ಮಾಡಿ ಹಾಕಿ ಮೀನು ಕರೆಯುತ್ತಿದ್ದರು. ಮೀನು ಮುತ್ತಿದವು, ಜನ ಕೂಗಿದರು, ನಾನು ಏನೂ ಹೇಳದೆ ಬಂದೆ, ಈಗಲೂ ಬೇಜಾರಿದೆ. ಹವಳ, ಸಮುದ್ರಕುದುರೆ, ತಿಮಿಂಗಿಲ ಶಾರ್ಕ್ ಎಲ್ಲವೂ 2001ರಿಂದ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲ ಪಟ್ಟಿಯಲ್ಲಿವೆ. ಸತ್ತ ತುಂಡೇ ಆಗಲಿ, ಹವಳವನ್ನು ಬ್ಯಾಗಿಗೆ ಹಾಕಿಕೊಂಡರೆ ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುತ್ತೀರಿ.

ಆಮೆ ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಅದು ಉಸಿರಿಗೆ ಮೇಲೆ ಬರುವ ದಾರಿ ಬಿಡಿ. ಅಂಡಮಾನಿನಲ್ಲಿ ಟೈಟನ್ ಟ್ರಿಗರ್ ಫಿಶ್ ಅಂತ ಒಂದು ಮೊಂಡ ಮೀನಿದೆ, ಮೊಟ್ಟೆ ಕಾಯುವಾಗ ನಿಜಕ್ಕೂ ಬಂದು ಕಚ್ಚುತ್ತದೆ. ಅದು ಕಾಯುವ ಜಾಗ ಆಲಿಕೆಯ ಹಾಗೆ ಮೇಲೆ ಹೋದಷ್ಟೂ ಅಗಲ, ಹಾಗಾಗಿ ಹೆದರಿ ಮೇಲಕ್ಕೆ ಏರಿದರೆ ಅದರ ಜಾಗದಲ್ಲೇ ಇರುತ್ತೀರಿ. ಅಡ್ಡಡ್ಡ ಈಜಿ ತಪ್ಪಿಸಿಕೊಳ್ಳಿ.

ಯಾವುದು ಮೊದಲು, ಯಾವುದು ಕೊನೆಗೆ

ಎರಡೂ ಮಾಡುವುದಾದರೆ ಮೊದಲ ದಿನ ಸ್ನಾರ್ಕ್ಲಿಂಗ್. ಮಾಸ್ಕಿಗೆ ಮುಖ ಒಗ್ಗುತ್ತದೆ, ಬಾಯಲ್ಲಿ ಉಸಿರಾಡುವುದು ರೂಢಿಯಾಗುತ್ತದೆ, ಕೆಲವು ಮೀನಿನ ಪರಿಚಯ ಆಗಿರುತ್ತದೆ. ನಡುವಿನ ದಿನಗಳಲ್ಲಿ ಸ್ಕೂಬಾ. ಕೊನೆಯ ದಿನ ಮತ್ತೆ ಸ್ನಾರ್ಕ್ಲಿಂಗ್, ಯಾಕೆಂದರೆ ಡೈವ್ ಮಾಡಿ ವಿಮಾನ ಹತ್ತುವ ಹಾಗಿಲ್ಲ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ಬಿಡಬೇಕು. ಮೈಯಲ್ಲಿ ಸೇರಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆ ಕಟ್ಟುತ್ತದೆ.

ಬೆಂಗಳೂರಿನವರು ಇದರಲ್ಲಿ ಒಂದನ್ನು ಮರೆಯುತ್ತಾರೆ. ಈ ನಿಯಮ ಲೆಕ್ಕಕ್ಕೆ ಬರುವುದು ಸುಮಾರು 600 ಮೀಟರ್ ಎತ್ತರದಿಂದಲೇ, ಬೆಂಗಳೂರು ಇರುವುದು 900 ಮೀಟರ್ ಮೇಲೆ. ನೇತ್ರಾಣಿಯಲ್ಲಿ ದಿನಕ್ಕೆರಡರಂತೆ ಡೈವ್ ಮಾಡಿ ಸಂಜೆಯೇ ಕಾರು ತೆಗೆದು ಘಾಟ್ ಹತ್ತುವುದು ಜಾಣತನ ಅಲ್ಲ. ಅವತ್ತು ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ, ಮೀನೂಟ ಮಾಡಿ, ನಿಧಾನವಾಗಿ ಮಾರನೇ ದಿನ ಹೊರಡಿ. ಬಾವ ಮಾತ್ರ ಆ ರಾತ್ರಿ ಮುರು ಮೀನಿನ ಫ್ರೈ ಬೇಡ ಅಂದರು, ಬೆಳಿಗ್ಗೆ ತಾನೇ ಮುಖ ನೋಡಿದೆ ಅಂತ. ಬಂಗುಡೆ ತರಿಸಿಕೊಂಡರು.